ಸದ್ದು ಮಾಡದ ಹಕ್ಕಿ ಬೇಕಾಗಿತ್ತು

ಅಪ್ಪನಿಗೆ ರಾತ್ರಿ ಪಾಳಿ ಇದ್ದ ವಾರಗಳಲ್ಲಿ ನಮ್ಮ ಮನೆಯಲ್ಲಿ ಹಗಲು ಹೊತ್ತು ಯಾರೂ ದನಿ ಎತ್ತುತ್ತಿರಲಿಲ್ಲ. ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಬಣ್ಣ ತಯಾರಿಸುವ ಕಾರಖಾನೆಯೊಂದರಲ್ಲಿ ಅವನಿಗೆ ಬಾಯ್ಲರ್ ನೋಡಿಕೊಳ್ಳುವ ಕೆಲಸ. ಬೆಳಿಗ್ಗೆ ಎಂಟರ ಸುಮಾರಿಗೆ ಬಂದು, ಉಗುರು ಸಂದಿಯ ನೀಲಿಯನ್ನು ತಿಕ್ಕಿ ತಿಕ್ಕಿ ತೊಳೆದು, ಉಂಡು, ಒಂಬತ್ತಕ್ಕೆ ಮಲಗಿದರೆ ನಾಲ್ಕರವರೆಗೆ ಏಳಬಾರದು. ಕಾವಲಿಗೆ ಕೂತವನು ಬಾಯ್ಲರಿನ ಮುಂದೆ ತೂಕಡಿಸಿದರೆ ಏನಾಗುತ್ತದೆ ಎಂದು ಅವ್ವ ನಮಗೆ ಒಮ್ಮೆ ಮಾತ್ರ ಹೇಳಿದ್ದಳು, ಅಷ್ಟು ಸಾಕಾಗಿತ್ತು. ಮನೆ ಎಂದರೆ ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದು ಖೋಲಿ, ಒಂದು ಅಡುಗೆಮನೆ, ನಡುವೆ ಬಾಗಿಲಿಲ್ಲದ ಕಡೆ ತೂಗುಬಿಟ್ಟ ಒಂದು ಪರದೆ. ಪರದೆಯ ಆಚೆ ಅಪ್ಪನ ನಿದ್ದೆ, ಈಚೆ ನಾವು ಮೂವರು: ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ ಗೀತಾ. ರೊಟ್ಟಿ ಬಡಿಯುವ ಸದ್ದು ಆಗಬಾರದೆಂದು ಅವ್ವ ಅಪ್ಪ ಬರುವ ಮೊದಲೇ ಇಡೀ ದಿನದ ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಸ್ಟೀಲಿನ ಪಾತ್ರೆಗಳನ್ನು ನೆಲಕ್ಕೆ ಇಡುವ ಮುನ್ನ ಅಡಿಗೆ ಬಟ್ಟೆ ಹಾಸುತ್ತಿದ್ದಳು. ಚಟ್ನಿ ಅರೆಯುವುದಿದ್ದರೆ ಪಕ್ಕದ ಖೋಲಿಯ ಜಲಜಕ್ಕನ ಮನೆಗೆ ಹೋಗುತ್ತಿದ್ದಳು. ಜಲಜಕ್ಕ ಉಡುಪಿ ಕಡೆಯವಳು, ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಅವಳ ಕನ್ನಡವೂ ನಮ್ಮ ವಿಜಾಪುರದ ಕನ್ನಡವೂ ಮೊದಲ ವರ್ಷ ಒಂದಕ್ಕೊಂದು ಅರ್ಥವಾಗದೆ, ಇಬ್ಬರೂ ಹೆಂಗಸರು ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ.

ಇದನ್ನು ನಾನು ದುಃಖದ ಮಾತಾಗಿ ಹೇಳುತ್ತಿಲ್ಲ. ಪಿಸುಮಾತಿನ ಮನೆಯಲ್ಲಿ ನಗು ಹೆಚ್ಚು. ನಗಬಾರದು ಎಂದ ಕೂಡಲೇ ಗೀತಾಳಿಗೆ ನಗು ಉಕ್ಕಿ ಬರುತ್ತಿತ್ತು, ಅವಳನ್ನು ನೋಡಿ ನನಗೆ, ನಮ್ಮಿಬ್ಬರನ್ನೂ ನೋಡಿ ಅವ್ವನಿಗೆ. ಮೂವರೂ ಬಾಯಲ್ಲಿ ಸೆರಗು, ಲಂಗ, ಕೈಗೆ ಸಿಕ್ಕಿದ್ದನ್ನು ತುರುಕಿಕೊಂಡು ಒಲೆಯ ಮುಂದೆ ಅಲುಗಾಡುತ್ತ ಕೂರುತ್ತಿದ್ದೆವು. ನೀರಿಗೆ ಒಂದು ಸನ್ನೆ, ಹಸಿವೆಗೆ ಒಂದು, ಜಲಜಕ್ಕ ಬಂದಳು ಎನ್ನುವುದಕ್ಕೆ ಮೂಗುತಿ ಮುಟ್ಟುವ ಸನ್ನೆ. ಅಪ್ಪನ ಉಸಿರಾಟ ಕೇಳಿಯೇ ನಿದ್ದೆ ಎಷ್ಟು ಆಳದಲ್ಲಿದೆ ಎಂದು ನಾನು ಹೇಳಬಲ್ಲವಳಾಗಿದ್ದೆ. ಯಾವ ಸದ್ದಿಗೆ ಅವನು ಏಳುತ್ತಾನೆ, ಯಾವುದಕ್ಕೆ ಏಳುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಒಂದೇ ಸಮನೆ ಬುಸುಗುಡುವ ಸೀಮೆಎಣ್ಣೆ ಸ್ಟೋವ್ ಅವನನ್ನು ಎಬ್ಬಿಸುತ್ತಿರಲಿಲ್ಲ. ಒಂದು ಚಮಚ ಬಿದ್ದರೆ ಎಬ್ಬಿಸುತ್ತಿತ್ತು. ಮುಂದೆ ನಾನು ಠಾಣೆಯ ಶಾಲೆಯೊಂದರಲ್ಲಿ ಟೀಚರ್ ಆದಾಗ ಹಿಂದಿನ ಬೆಂಚಿನ ಮಕ್ಕಳು ಟೀಚರ್, ಕೇಳಸತ ನಹೀ ಎಂದು ಹಿಂದಿ ಮರಾಠಿ ಕನ್ನಡ ಕಲಸಿ ದೂರುತ್ತಿದ್ದರು. ನನ್ನ ದನಿ ಆ ಮನೆ ಕೊಟ್ಟದ್ದು. ಆದರೆ ಅದೇ ಹಿಂದಿನ ಬೆಂಚಿನಲ್ಲಿ ಯಾವ ಹುಡುಗಿ ಅಳು ನುಂಗುತ್ತಿದ್ದಾಳೆಂದು ಬೋರ್ಡಿನ ಕಡೆ ಮುಖ ಮಾಡಿ ನಿಂತಾಗಲೂ ನನಗೆ ತಿಳಿಯುತ್ತಿತ್ತು. ಆ ಕಿವಿಯೂ ಅದೇ ಮನೆಯದು.

ಇಂಥ ಮನೆಗೆ ಮಲ್ಲುಮಾಮಾ ಬರುತ್ತಿದ್ದ. ಅವ್ವನ ಒಬ್ಬನೇ ತಮ್ಮ. ಭಿವಂಡಿಯ ಪವರ್‌ಲೂಮಿನಲ್ಲಿ ಏಕಕಾಲಕ್ಕೆ ನಾಲ್ಕು ಮಗ್ಗ ನೋಡಿಕೊಳ್ಳುತ್ತಿದ್ದ. ಹದಿನೇಳನೆಯ ವಯಸ್ಸಿಗೆ ಆ ಖಟಖಟದೊಳಗೆ ಹೊಕ್ಕವನು, ಅಲ್ಲಿ ಪಕ್ಕದವನಿಗೆ ಹೊತ್ತೆಷ್ಟಾಯಿತು ಎಂದು ಕೇಳಬೇಕಾದರೂ ಕೂಗಬೇಕು. ಹಾಗೆ ಕೂಗಿ ಕೂಗಿ ಅವನಿಗೆ ಸಣ್ಣ ದನಿ ಎಂಬುದೇ ಮರೆತುಹೋಗಿತ್ತು. ರಜೆಯ ದಿನ ಬಸ್ಸು ಹಿಡಿದು ಕಲ್ಯಾಣಕ್ಕೆ ಬಂದು, ಅಲ್ಲಿಂದ ಲೋಕಲ್‌ನಲ್ಲಿ ಡೊಂಬಿವಲಿಗೆ ಬಂದು, ಚಾಳಿನ ಮೊದಲ ಮೆಟ್ಟಿಲಿಗೆ ಕಾಲಿಡುವಾಗಲೇ ಅಕ್ಕಾ ಎಂದು ಕೂಗುತ್ತಿದ್ದ. ಆ ಒಂದು ಕೂಗಿಗೆ ಎರಡೂ ಮಾಳಿಗೆಯ ಅಕ್ಕಂದಿರೆಲ್ಲ ಹೊರಗೆ ಬಂದು ನೋಡುತ್ತಿದ್ದರು. ನಮಗೆ ಅವನೆಂದರೆ ಪ್ರಾಣ. ಬರುವಾಗ ಅವನ ಕೂದಲಿನಲ್ಲಿ, ಹುಬ್ಬಿನಲ್ಲಿ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು, ಅದನ್ನು ಒಂದೊಂದಾಗಿ ಹೆಕ್ಕುವುದು ಗೀತಾಳ ಕೆಲಸ. ಅಪ್ಪನಿಗೆ ಹಗಲು ಪಾಳಿ ಇದ್ದರೆ ಹಬ್ಬ. ರಾತ್ರಿ ಪಾಳಿ ಇದ್ದರೆ ಅವ್ವ ಬಾಗಿಲಲ್ಲೇ ನಿಂತು, ಎರಡೂ ಕೈಯಿಂದ ಅವನ ಬಾಯಿ ಮುಚ್ಚಿ ಒಳಗೆ ಕರೆತರುತ್ತಿದ್ದಳು. ಅವನು ತಲೆಯಾಡಿಸಿ, ತನಗೆ ಪಿಸುಮಾತೆಂದು ತೋರಿದ ದನಿಯಲ್ಲಿ ಮಾತು ಶುರು ಮಾಡುತ್ತಿದ್ದ. ಅದು ಜಲಜಕ್ಕನ ಅಡುಗೆಮನೆಯ ತನಕ ಕೇಳುತ್ತಿತ್ತು.

ಒಂದು ಸಲ ಅಪ್ಪನಿಗೆ ಮೂರು ದಿನದಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಮಾಮಾ ಊರಿನ ಯಾವುದೋ ಸುದ್ದಿ ಹೇಳುತ್ತ ತೊಡೆ ತಟ್ಟಿ ನಕ್ಕ. ಪರದೆ ಸರಿಯಿತು. ಕೆಂಪು ಕಣ್ಣಿನಲ್ಲಿ ನಿಂತ ಅಪ್ಪ ಮಾಮಾನ ಕಡೆ ನೋಡಲಿಲ್ಲ, ಅವ್ವನನ್ನು ನೋಡಿ ಹೇಳಿದ:

"ನಿನ್ನ ತಮ್ಮಗ ಹೇಳು. ಇದು ಮನಿ, ಲೂಮಿನ ಕಾರಖಾನಿ ಅಲ್ಲ. ಮಂದಿ ಮನಿಯಾಗ ಹ್ಯಾಂಗ ಇರಬೇಕಂತ ಗೊತ್ತಿಲ್ಲಂದ್ರ ಬರೂದರ ಯಾಕ?"

ಮಾಮಾನಿಗೆ ಅದು ಪೂರ್ತಿ ಕೇಳಿಸಿತ್ತು. ಅಥವಾ ಅಪ್ಪನ ಮುಖ ನೋಡಿಯೇ ತಿಳಿದಿರಬೇಕು. ಎದ್ದು, ನಮ್ಮಿಬ್ಬರ ತಲೆ ಸವರಿ, ಮೆಟ್ಟಿಲಿಳಿದು ಹೋದ. ಆಮೇಲೆ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಅವ್ವ ಅಪ್ಪನೊಡನೆ ಜಗಳವಾಡಲಿಲ್ಲ. ಊಟಕ್ಕೆ ಬಡಿಸುವಾಗ ಮಾತ್ರ ಬೇಕೇನು ಎಂದು ಕೇಳುವುದನ್ನು ಬಿಟ್ಟಳು. ಅಪ್ಪ ತಾಟನ್ನು ಮುಂದೆ ಸರಿಸುತ್ತಿದ್ದ, ಅವಳು ಹಾಕುತ್ತಿದ್ದಳು. ಮನೆ ಮೊದಲಿಗಿಂತ ನಿಶ್ಶಬ್ದವಾಯಿತು, ಆದರೆ ಅದರೊಳಗಿನ ನಗು ಹೋಗಿತ್ತು.

ಪಂಚಮಿ ಹಬ್ಬಕ್ಕೆ ತಮ್ಮ ಅಕ್ಕನ ಮನೆಗೆ ಬರದೆ ಇರುವಂತಿಲ್ಲ. ಮಾಮಾ ಬಂದ, ಆದರೆ ಮೇಲೆ ಹತ್ತಲಿಲ್ಲ. ಕೆಳಗೆ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದವನನ್ನು ನೀರಿಗೆ ಹೋಗಿದ್ದ ನಾನು ಕಂಡೆ. ಅವ್ವನನ್ನು ಕರೆದುಕೊಂಡು ಹೋದೆ. ಅವ್ವ ಸೀರೆಯ ಮಡಿಲಿನಲ್ಲಿ ಅಳ್ಳಿಟ್ಟಿನ ಉಂಡೆ ಕಟ್ಟಿಕೊಂಡು ಇಳಿದಳು. ಅಕ್ಕ ತಮ್ಮ ಕಟ್ಟೆಯ ಮೇಲೆಯೇ ಹಬ್ಬ ಮಾಡಿದರು. ಮಾಮಾ ನಮ್ಮಿಬ್ಬರನ್ನೂ ಹತ್ತಿರ ಎಳೆದುಕೊಂಡು,

"ಹಬ್ಬಕ್ಕ ಏನ ಕೊಡಸ್ಲಿ? ಕೇಳ್ರಿ" ಎಂದ.

"ಹಕ್ಕಿ" ಎಂದಳು ಗೀತಾ. ಮನೆಯಲ್ಲಿ ಕುಣಿಯುವಂತಿಲ್ಲ, ಗೆಳತಿಯರನ್ನು ಕರೆಯುವಂತಿಲ್ಲ. ನಾಯಿ ಬೊಗಳುತ್ತದೆ ಎಂದು ಅವ್ವ ಯಾವತ್ತೋ ಬೇಡವೆಂದಿದ್ದಳು. ಉಳಿದದ್ದು ಹಕ್ಕಿ ಎಂದು ಅವಳು ಒಳಗೊಳಗೇ ಲೆಕ್ಕ ಹಾಕಿದ್ದಿರಬೇಕು.

"ಹಕ್ಕಿ ಒದರೂದಿಲ್ಲೇನು?" ಎಂದಳು ಅವ್ವ.

"ಒದರಲಾರದ್ದು ಹುಡುಕೂಣು ಬಿಡ ಅಕ್ಕಾ" ಎಂದು ಮಾಮಾ ಇಡೀ ಚಾಳಿಗೆ ಕೇಳುವಂತೆ ಹೇಳಿ, ತಕ್ಷಣ ನಾಲಿಗೆ ಕಚ್ಚಿಕೊಂಡು ಮೇಲಿನ ನಮ್ಮ ಕಿಟಕಿಯ ಕಡೆ ನೋಡಿದ.

ಮುಂದಿನ ವಾರ ಅಪ್ಪ ಬೆಳಗಿನ ಪಾಳಿಗೆ ಹೋಗಿದ್ದಾಗ ನಾವು ಕಲ್ಯಾಣಕ್ಕೆ ಹೋದೆವು. ಮಾಮಾ ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದ. ಬಾಜಾರದ ಹಿಂದೆ ಒಂದು ಕಿರಿದಾದ ಗಲ್ಲಿ, ಅದರ ಕೊನೆಗೆ ಹಕ್ಕಿ ಮಾರುವವನ ಅಂಗಡಿ. ಗಡ್ಡಕ್ಕೆ ಮೆಹಂದಿ ಹಚ್ಚಿದ ಮುದುಕ, ಹೆಗಲ ಮೇಲೊಂದು ಗಿಳಿಮರಿ. ತಲೆಯ ಮೇಲೆ, ಗೋಡೆಗೆ, ನೆಲಕ್ಕೆ ಎಲ್ಲೆಲ್ಲೂ ಪಂಜರ. ಒಂದೇ ಉಸಿರಿಗೆ ಅಷ್ಟು ದನಿ ಕೇಳಿ ನನಗೆ ತಲೆ ತಿರುಗಿದಂತಾಯಿತು. ಗೀತಾ ಬಾಯಿ ಬಿಟ್ಟುಕೊಂಡು ನಿಂತೇ ಇದ್ದಳು.

"ಕೌನಸಾ ಚಾಹಿಯೇ ಬೇಟಾ?" ಎಂದ ಮುದುಕ.

"ಆವಾಜ್ ನಹೀ ಕರ್ನೇವಾಲಾ" ಎಂದೆ ನಾನು.

ಅವನು ನಕ್ಕು, ಹಾಗಾದರೆ ಪಕ್ಕದ ಅಂಗಡಿಗೆ ಹೋಗು, ಅಲ್ಲಿ ಮಣ್ಣಿನ ಹಕ್ಕಿ ಸಿಗುತ್ತದೆ ಎಂದ. ಆದರೂ ಎದ್ದು ತೋರಿಸತೊಡಗಿದ. ನಾನು ಪ್ರತಿ ಪಂಜರದ ಮುಂದೆ ಕಣ್ಣು ಮುಚ್ಚಿ ನಿಂತು, ಇದು ನಮ್ಮ ಅಡುಗೆಮನೆಯಲ್ಲಿ ಕೂಗಿದರೆ ಪರದೆಯ ಆಚೆ ಹೇಗೆ ಕೇಳುತ್ತದೆ ಎಂದು ಯೋಚಿಸಿ, ಬೇಡ ಎಂದು ತಲೆಯಾಡಿಸುತ್ತಿದ್ದೆ. ಗಿಳಿ ಒಮ್ಮೆ ಕಿರುಚಿತು. "ಹಾಂ, ಇದು ಕೇಳಸ್ತು ನೋಡು!" ಎಂದು ಮಾಮಾ ಹಿಗ್ಗಿದ. ನಾನು ಅವ್ವನ ಮುಖ ನೋಡಿದೆ, ಅವ್ವ ಬೇಡವೆಂದಳು. ನೀಲಿ ಹಸಿರು ಲವ್‌ಬರ್ಡ್‌ಗಳು ಚಂದವಿದ್ದವು, ಆದರೆ ಅವು ನಲ್ಲಿಕಟ್ಟೆಯ ಹೆಂಗಸರ ಹಾಗೆ, ಒಂದು ಬಾಯಿ ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು. ಕೊನೆಗೆ ಮುದುಕ ಹೆಬ್ಬೆರಳಿನಷ್ಟು ದಪ್ಪದ ಒಂದು ಹಕ್ಕಿ ತೋರಿಸಿದ. ಲಾಲ್ ಮುನಿಯಾ. ಕುಂಕುಮದ ಮೇಲೆ ಅಕ್ಕಿನುಚ್ಚು ಚೆಲ್ಲಿದಂತೆ ಮೈ. ಅದರ ಹಾಡು ಎಷ್ಟು ಸಣ್ಣದೆಂದರೆ, ದಾರದ ತುದಿಯನ್ನು ಸೂಜಿಗೆ ಪೋಣಿಸುವಾಗ ಉಸಿರು ಬಿಗಿ ಹಿಡಿಯುತ್ತೇವಲ್ಲ, ಹಾಗೆ ಉಸಿರು ಹಿಡಿದು ಕೇಳಬೇಕು. ಗೀತಾ ಪಂಜರವನ್ನು ಅಪ್ಪಿಕೊಂಡಳು. ಅವ್ವನ ಮುಖವೂ ಅರಳಿತು. ಇದೇ, ಎಂದೆ ನಾನು.

ಮಾಮಾ ಕೈಯನ್ನು ಕಿವಿಯ ಹಿಂದೆ ಹಿಡಿದು ಬಗ್ಗಿದ.

"ಹಾಡಾಕತ್ತೈತೇನು?"

ಹೌದೆಂದು ಗೀತಾ ತಲೆಯಾಡಿಸಿದಳು. ಅವನು ಇನ್ನೂ ಹತ್ತಿರ ಹೋದ, ಕಿವಿ ಪಂಜರದ ತಂತಿಗೆ ತಾಗುವಷ್ಟು. ಹಕ್ಕಿಯ ಕೊಕ್ಕು ತೆರೆಯುತ್ತಿತ್ತು, ಗಂಟಲು ನಡುಗುತ್ತಿತ್ತು. ಮಾಮಾ ಇನ್ನೊಂದು ಕಿವಿ ಇಟ್ಟು ನೋಡಿದ. ಆಮೇಲೆ ನಿಂತು, ಯಾರನ್ನೂ ನೋಡದೆ ನಕ್ಕ.

"ಬಾಯಿ ಅಷ್ಟ ತೆರೀತೈತಿ. ನಂಗೇನೂ ಇಲ್ಲ... ಇರ್ಲಿ ಬಿಡ್ರಿ, ಇದನ್ನ ತಗೋರಿ. ನಿಮ್ಮಪ್ಪಗ ಚೊಲೋ ನಿದ್ದಿ ಬರ್ತೈತಿ. ನಾ ಕಣ್ಣಿಲೆ ನೋಡಿದ್ರ ಸಾಕು."

ಆವರೆಗೂ ನಾನು ಮಾಮಾನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ ಎಂದಷ್ಟೇ ತಿಳಿದಿದ್ದೆ. ಅವನಿಗೆ ಕೇಳುವುದಿಲ್ಲ ಎಂದು, ಅದೂ ಇಷ್ಟು ಕೇಳುವುದಿಲ್ಲ ಎಂದು ಆ ಗಲ್ಲಿಯಲ್ಲಿ ತಿಳಿಯಿತು. ಅವ್ವ ಮುಖ ತಿರುಗಿಸಿಕೊಂಡಳು. ಅವಳಿಗೂ ಆಗಲೇ ತಿಳಿದದ್ದೋ, ಮೊದಲೇ ತಿಳಿದಿತ್ತೋ, ನಾನು ಯಾವತ್ತೂ ಕೇಳಲಿಲ್ಲ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿನ ಹುಡುಗ ಅವನು, ಇನ್ನೂ ಮದುವೆಯಾಗಿರಲಿಲ್ಲ. ಮುದುಕ ಮುನಿಯಾವನ್ನು ಸಣ್ಣ ಪಂಜರಕ್ಕೆ ದಾಟಿಸಲು ಕೈ ಹಾಕಿದ್ದ. ನಾನು ಬೇಡ ಎಂದೆ. ಗೀತಾ ಅಳಲು ಶುರು ಮಾಡಿದಳು. ಅವ್ವ ಸಿಟ್ಟಾಗಿ, ಹಾಗಾದರೆ ಯಾವುದು ಬೇಕು ಹೇಳು ಎಂದಳು. ಅಪ್ಪನಿಗೆ ಕೇಳಿಸಬಾರದು, ಮಾಮಾನಿಗೆ ಕೇಳಿಸಬೇಕು ಎನ್ನುವಂಥ ಹಕ್ಕಿ ಲೋಕದಲ್ಲಿ ಎಲ್ಲಿಯಾದರೂ ಇರುತ್ತದೆಯೇ?

ಅಳುವ ಗೀತಾಳನ್ನು ಸುಮ್ಮನಾಗಿಸುತ್ತ ನಿಂತಾಗ, ಮುದುಕ ಕೂತಿದ್ದ ಮಂಚದ ಕೆಳಗಿನ ಕತ್ತಲಿನಿಂದ ಒಂದು ದನಿ ಬಂತು. ಮೇಲಿನ ಚಿಲಿಪಿಲಿಯೆಲ್ಲದರ ಅಡಿಯಲ್ಲಿ, ನೆಲಕ್ಕೆ ಹತ್ತಿದಂತೆ, ಗುರ್... ಗುರ್ಗುರ್... ಗುರ್. ಬಗ್ಗಿ ನೋಡಿದೆ. ಬಿದಿರಿನ ಬುಟ್ಟಿಯ ಕೆಳಗೆ ಬೂದಿ ಬಣ್ಣದ, ಪಾರಿವಾಳದಂಥ ಒಂದು ಪುಟ್ಟ ಬೆಳವ. ನಮ್ಮ ಊರ ಹೊಲದಲ್ಲಿ ಬೇಕಾದಷ್ಟಿರುವ ಹಕ್ಕಿ. ಅದನ್ನು ಯಾರೂ ಕೊಳ್ಳುವುದಿಲ್ಲ, ಯಾರೋ ಬಿಟ್ಟು ಹೋದದ್ದು ಎಂದ ಮುದುಕ. ನಾನು ಮಾಮಾನ ಕೈ ಹಿಡಿದು ಎಳೆದು ಕೂರಿಸಿ, ಅವನ ಅಂಗೈಯನ್ನು ಬುಟ್ಟಿಯ ಮೇಲೆ ಇಟ್ಟು, ತಲೆ ಬಗ್ಗಿಸು ಎಂದು ಸನ್ನೆ ಮಾಡಿದೆ. ಅವನು ನನ್ನ ಸಮಾಧಾನಕ್ಕೆಂಬಂತೆ ಬಗ್ಗಿದ. ಬೆಳವ ಸುಮ್ಮನಾಗಿತ್ತು. ನಾವು ಕಾದೆವು. ಮುದುಕನೂ ಗಡ್ಡ ತುರಿಸಿಕೊಳ್ಳುವುದನ್ನು ನಿಲ್ಲಿಸಿ ಕಾದ. ಆಮೇಲೆ ಅದು ಎದೆ ಉಬ್ಬಿಸಿ ಮತ್ತೆ ಶುರು ಮಾಡಿತು. ಮಾಮಾನ ಹುಬ್ಬು ಮೇಲೇರಿತು. ಕಣ್ಣು ನನ್ನ ಕಡೆ ಬಂತು, ಅವ್ವನ ಕಡೆ ಹೋಯಿತು.

"ಕೇಳಸ್ತೈತಿ! ಅಕ್ಕಾ, ಕೇಳಸ್ತೈತಿ!"

ಗಲ್ಲಿಯ ಆ ತುದಿಯ ಬಳೆ ಅಂಗಡಿಯವನೂ ಎದ್ದು ನಿಂತು ನೋಡಿದ. ಲೂಮಿನ ಸದ್ದು ಮೊದಲು ತಿನ್ನುವುದು ಸಣ್ಣ ದನಿಗಳನ್ನು, ದಪ್ಪ ದನಿ ಬಹಳ ಕಾಲ ಉಳಿಯುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರು ನನಗೆ ವಿವರಿಸಿದರು. ಅವತ್ತು ಅದೆಲ್ಲ ಯಾರಿಗೆ ಗೊತ್ತು? ಮಾಮಾ ಮಂಡಿಯೂರಿದ್ದವನು ಏಳಲೇ ಇಲ್ಲ. ಮೂರು ಸಲ, ನಾಲ್ಕು ಸಲ ಕೇಳಿದ. ಅವ್ವ ಮಾತ್ರ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಕರೆದಳು.

"ಏ ಶಾರೀ, ಇದಕ್ಕ ನಿಮ್ಮಪ್ಪ ಎದ್ದರ? ಎದ್ದು ಹೊರಗ ಹಾಕು ಅಂದ್ರ? ನನ್ನ ತಮ್ಮ ಮತ್ತ ಈ ಜನ್ಮದಾಗ ನಮ್ಮ ಮೆಟ್ಟಲಾ ಹತ್ತೂದಿಲ್ಲ, ತಿಳೀತಾ?"

"ಏಳೂದಿಲ್ಲವ್ವಾ. ಇದು ಚಮಚ ಬಿದ್ದಂಗಿಲ್ಲ. ಸ್ಟೋ ಇದ್ದಂಗ ಐತಿ."

ಅವ್ವ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಹತ್ತು ವರ್ಷದ ಹುಡುಗಿಯ ಮಾತಿಗೆ ಮನೆಯ ದೊಡ್ಡವರು ತಲೆಬಾಗಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅವಳು ಮುದುಕನನ್ನು ಇದು ಏನು ತಿನ್ನುತ್ತದೆ ಎಂದು ಕೇಳಿದಳು. ಜ್ವಾರಿ, ಎಂದ ಮುದುಕ.

"ಜೋಳ ತಿಂತೈತಂತ" ಎಂದು ಅವ್ವ ತಮ್ಮನ ಕಡೆ ತಿರುಗಿ ನಕ್ಕಳು. "ನಮ್ಮ ಮಂದೀದ ಐತಿ. ತಗೋ."

ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಬೆಳವನಿದ್ದ ಸಣ್ಣ ಪಂಜರ ನನ್ನ ತೊಡೆಯ ಮೇಲಿತ್ತು. ನಡುವಿನ ಠಾಕುರ್ಲಿ ಸ್ಟೇಷನ್ ಬರುವಷ್ಟರಲ್ಲಿ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದ ಇಬ್ಬರು ಹೆಂಗಸರು ಅದಕ್ಕೆ ಎಲೆ ತಿನ್ನಿಸಲು ನೋಡಿದ್ದರು, ಒಬ್ಬಳು ಹೆಸರೇನೆಂದು ಕೇಳಿದ್ದಳು. ಮುನಿಯಾದ ದುಃಖವನ್ನು ಆಗಲೇ ಮರೆತಿದ್ದ ಗೀತಾ, "ಗುರ್ ಗುರ್ ಅಂತೈತಿ, ಗುರುಪಾದ" ಎಂದು ಹೆಸರಿಟ್ಟಳು. ಊರಿನಲ್ಲಿ ಆ ಹೆಸರಿನ ನಮ್ಮ ಚಿಕ್ಕಜ್ಜ ಒಬ್ಬ ಇದ್ದ, ಅವನಿಗೆ ಈ ಸಂಗತಿ ಕೊನೆಯವರೆಗೂ ಗೊತ್ತಾಗಲಿಲ್ಲ.

ಸಂಜೆ ಅಪ್ಪ ಬಂದು ಅಡುಗೆಮನೆಯ ಮೊಳೆಗೆ ತೂಗಿದ್ದ ಪಂಜರ ನೋಡಿದ. ಯಾರು ತಂದರು ಎಂದು ಕೇಳಿದ. "ನನ್ನ ತಮ್ಮ" ಎಂದಳು ಅವ್ವ, ಬೆನ್ನು ತಿರುಗಿಸಿಯೇ. ಅಪ್ಪ ಕಾಲು ತೊಳೆದು ಬಂದು ಕೂತ. ಮುಂದಿನ ವಾರ ರಾತ್ರಿ ಪಾಳಿ ಇದೆ, ನೋಡೋಣ ಎಂದಷ್ಟೇ ಅಂದ. ಗುರುಪಾದ ಹೊಸ ಜಾಗದಲ್ಲಿ ಐದು ದಿನ ಬಾಯಿ ಬಿಡಲಿಲ್ಲ. ಜೋಳ ತಿಂದು, ನೀರು ಕುಡಿದು, ನಮ್ಮನ್ನು ಒಂದೇ ಕಣ್ಣಿನಿಂದ ನೋಡುತ್ತ ಕೂತಿತ್ತು. ಹೀಗೇ ಇದ್ದುಬಿಟ್ಟರೆ ಒಳ್ಳೆಯದೆಂದು ಅವ್ವ ಹೇಳಿದಳು. ಹೀಗೇ ಇದ್ದರೆ ಮಾಮಾ ಬಂದಾಗ ಏನು ಕೇಳುತ್ತಾನೆ ಎಂಬ ಚಿಂತೆ ನನಗೆ.

ರಾತ್ರಿ ಪಾಳಿಯ ಮೊದಲ ಬೆಳಿಗ್ಗೆ ಅಪ್ಪ ಉಂಡು ಮಲಗಿದ. ನಾವು ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದೆವು. ಹನ್ನೆರಡು ಹೊಡೆದಿರಬೇಕು, ಕಿಟಕಿಯ ಬಿಸಿಲು ಪಂಜರದ ಅರ್ಧಕ್ಕೆ ಬಂದಾಗ ಗುರುಪಾದ ಎದೆ ಉಬ್ಬಿಸಿದ. ಗುರ್... ಗುರ್ಗುರ್... ಗುರ್. ಅವ್ವನ ಕೈ ಗಾಳಿಯಲ್ಲೇ ನಿಂತಿತು. ಗೀತಾ ತಾನೇ ಕೂಗಿದವಳಂತೆ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ನಾನು ಪರದೆಯ ಹತ್ತಿರ ತೆವಳಿಕೊಂಡು ಹೋಗಿ ಕಿವಿಗೊಟ್ಟೆ. ಅಪ್ಪನ ಉಸಿರು ಒಮ್ಮೆ ತಡೆಯಿತು. ಗುರ್... ಗುರ್ಗುರ್. ಆಮೇಲೆ ಒಂದು ದೊಡ್ಡ ನಿಟ್ಟುಸಿರು ಬಂತು, ಅದರ ಹಿಂದೆಯೇ ಉಸಿರು ಉದ್ದಕ್ಕೆ, ಇನ್ನೂ ಉದ್ದಕ್ಕೆ ಎಳೆಯತೊಡಗಿತು. ಅಷ್ಟು ಆಳದ ನಿದ್ದೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಾಲ್ಕು ಆಯಿತು, ಅಪ್ಪ ಏಳಲಿಲ್ಲ. ಐದಾಯಿತು. ಅವ್ವನಿಗೆ ಹೆದರಿಕೆಯಾಗಿ ತಾನೇ ಹೋಗಿ ಎಬ್ಬಿಸಿದಳು.

ಅಪ್ಪ ಮುಖ ತೊಳೆಯದೆ ಬಂದು ಪಂಜರದ ಮುಂದೆ ನಿಂತ. ನಾವು ಮೂವರೂ ಸಾಲಾಗಿ ನಿಂತಿದ್ದೆವು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ.

"ಹೊಲದಾಗ, ಬನ್ನೀಗಿಡದ ನೆಳ್ಳಿಗೆ ಮಲಗಿದಂಗ ಆತು" ಎಂದ. ಆಮೇಲೆ ಅವ್ವನ ಕಡೆ ನೋಡದೆಯೇ ಕೇಳಿದ: "ಹಬ್ಬದ ದಿನಾ ಮಲ್ಲಪ್ಪ ಕೆಳಗ ಕುಂತಿದ್ನಂತಲ್ಲ?"

ಹಕ್ಕಿಯ ಅಂಗಡಿಯಲ್ಲಿ ನಡೆದದ್ದನ್ನು ನಾನೇ ಹೇಳಿದೆ. ಮುನಿಯಾ ಹಾಡಿದ್ದು, ಮಾಮಾ ಎರಡೂ ಕಿವಿ ಇಟ್ಟು ನೋಡಿದ್ದು. ಅಪ್ಪ ಕೇಳುತ್ತ ಕೇಳುತ್ತ ನೆಲದ ಮೇಲೆ ಕೂತುಬಿಟ್ಟ. ಬಹಳ ಹೊತ್ತು ತನ್ನ ನೀಲಿ ಉಗುರುಗಳನ್ನೇ ನೋಡಿಕೊಂಡ.

"ಕಾರ್ಡ್ ಬರಿ" ಎಂದ ನನಗೆ. "ಮ್ಯಾಲ ಬಾ ಅಂತ ಬರಿ. ನಾ ಹೇಳೀನಿ ಅಂತ ಬರಿ."

ಮಾಮಾ ಬಂದ. ಅವನು ಬಂದದ್ದು ಈ ಸಲ ಯಾರಿಗೂ ಗೊತ್ತಾಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಗೋಡೆಗೆ ಒತ್ತಿಕೊಂಡು, ತುದಿಗಾಲಿನಲ್ಲಿ ಎರಡು ಮಾಳಿಗೆ ಹತ್ತಿ ಬಾಗಿಲಲ್ಲಿ ನಿಂತಿದ್ದ. ನಮ್ಮನ್ನು ನೋಡಿ, ಬಾಯಿಯ ಮೇಲೆ ಬೆರಳಿಟ್ಟು, ಪರದೆಯ ಕಡೆ ತೋರಿಸಿ, ಮಲಗಿದ್ದಾರೇನು ಎಂದು ಹುಬ್ಬಿನಲ್ಲೇ ಕೇಳಿದ. ಅಪ್ಪ ಮಲಗಿರಲಿಲ್ಲ. ರಾತ್ರಿಯಿಡೀ ದುಡಿದು ಬಂದವನು ಅಂಗಿ ಬದಲಿಸಿ, ತಲೆ ಬಾಚಿ, ಹಾಸಿಗೆ ಮಡಿಸಿ ಕಾಯುತ್ತ ಕೂತಿದ್ದ.

"ಬಾ ಮಲ್ಲಪ್ಪ, ಕುಂದ್ರು" ಎಂದ.

ಮಾಮಾ ಆಗಲೇ ಪಂಜರದ ಕಡೆ ತಿರುಗಿದ್ದ. ಕೇಳಿಸಲಿಲ್ಲ. ಅಪ್ಪ ಇನ್ನೊಮ್ಮೆ ಹೇಳಿದ. ಅವ್ವ ತಮ್ಮನ ತೋಳು ಮುಟ್ಟಲು ಹೋದಳು, ಅಪ್ಪ ಬೇಡವೆಂದು ಕೈ ಮಾಡಿದ. ಎದ್ದು ನಿಂತ, ಎದೆ ತುಂಬ ಉಸಿರು ತುಂಬಿಕೊಂಡ. ನಾನು ಹುಟ್ಟಿದಾಗಿನಿಂದ ಕೇಳಿರದ ದನಿಯೊಂದು ನಮ್ಮ ಅಪ್ಪನ ಬಾಯಿಂದ ಬಂತು:

"ಮಲ್ಲಪ್ಪಾ! ಆರಾಮ ಇದ್ದೀಯೇನೋ!"

ಕಪಾಟಿನ ಮೇಲಿನ ಲೋಟಗಳು ಝಣ್ ಎಂದವು. ಮಾಮಾ ತಿರುಗಿ ನೋಡಿದ. ಅಪ್ಪ ತನಗಾಗಿ ಕೂಗಿದ್ದಾನೆಂದು ಅವನಿಗೆ ನಂಬಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನೂ ಕೂಗಿದ.

"ಆರಾಮ ಅದೀನ್ರೀ ಬಾವಾರಾ! ನೀವು?"

"ನಾನೂ ಆರಾಮ! ಊರಾಗ ಮಳಿ ಆತೇನು?"

"ಆಗೇತಂತ್ರೀ! ಬಿತ್ತಿಗೀ ನಡದೈತಿ!"

ಗೀತಾ ಕಿವಿ ಮುಚ್ಚಿಕೊಂಡು ಕುಣಿಯತೊಡಗಿದಳು. ನಾನೂ ಕೂಗಿದೆ, ಏನು ಕೂಗಿದೆನೋ ನೆನಪಿಲ್ಲ, ಕೂಗುವುದೇ ಸುಖವಾಗಿತ್ತು. ಗುರುಪಾದ ಮೇಲಿನಿಂದ ಗುರ್ಗುಟ್ಟುತ್ತಿದ್ದ. ಅಷ್ಟರಲ್ಲಿ ಕೈಗೆ ದೋಸೆಹಿಟ್ಟು ಮೆತ್ತಿಕೊಂಡೇ ಜಲಜಕ್ಕ ಓಡಿಬಂದಳು.

"ಎಂತ ಆಯ್ತು ಮಾರಾಯ್ತಿ? ಗಲಾಟೆ ಎಂತದು? ಗಂಡಸರು ಹೊಡೆದಾಡ್ತಾ ಇದ್ದಾರಾ?"

ಅವ್ವ ಬಾಗಿಲ ಚೌಕಟ್ಟಿಗೆ ಒರಗಿ, ಬಾಯಿಗೆ ಸೆರಗು ಇಟ್ಟುಕೊಳ್ಳದೆಯೇ ನಗುತ್ತಿದ್ದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ಹೊಡೆದಾಟ ಅಲ್ಲ್ರೀ ಜಲಜಕ್ಕಾ" ಎಂದಳು. "ಮಾತಾಡಾಕತ್ತಾರ."